ಕುಬಾ ಬಟ್ಟೆಯ ಗೆರೆ, ಗಂಟು, ಚೌಕಗಳಲ್ಲಿ ಅರ್ಥವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಡೊಂಬಿವಲಿ ಕಸೂತಿ

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡದವಳು. ಡೊಂಬಿವಲಿಗೆ ಬಂದು ಮೂವತ್ತೊಂದು ವರ್ಷಗಳಾದವು. ಭಾನುವಾರಗಳಂದು ನಮ್ಮ ಬಡಾವಣೆಯ ಏಳೆಂಟು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಕಸೂತಿ ಹೇಳಿಕೊಡುತ್ತೇನೆ. ಬಟ್ಟೆಯ ಬಗ್ಗೆ ನನಗಿರುವುದು ಸೂಜಿ ಹಿಡಿದವಳ ತಿಳಿವಳಿಕೆ ಮಾತ್ರ, ಓದಿ ಬಂದದ್ದಲ್ಲ.

ನಮ್ಮ ಕೆಳಗಿನ ಮಹಡಿಯಲ್ಲಿದ್ದ ಗುಜರಾತಿ ಕುಟುಂಬದವರು ಇಪ್ಪತ್ತು ವರ್ಷ ಆಫ್ರಿಕದ ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದು ಹಿಂತಿರುಗಿದವರು. ಕಳೆದ ತಿಂಗಳು ಅವರು ಕಾಂದಿವಲಿಗೆ ಮನೆ ಬದಲಾಯಿಸುವಾಗ, ನಾವೆಲ್ಲ ಬಾ ಎಂದು ಕರೆಯುವ ಆ ಮನೆಯ ಹಿರಿಯಾಕೆ ಒಂದು ಬಟ್ಟೆಯನ್ನು ನನ್ನ ಕೈಗಿತ್ತು, ನೀವು ಸೂಜಿಯವರು, ಇದು ನಿಮ್ಮ ಬಳಿಯೇ ಇರಲಿ ಎಂದರು. ಸುಮಾರು ಒಂದೂವರೆ ಮೊಳದ ಚೌಕ ಅದು. ನೆಲದ ಬಣ್ಣ ಒಣಹುಲ್ಲಿನದು. ಅದರ ಮೇಲೆ ಕಪ್ಪು ಮತ್ತು ಕೆಂಪು ಮಿಶ್ರಿತ ಕಂದು. ಕೆಲವು ಭಾಗಗಳು ಮಖಮಲ್ಲಿನಂತೆ ಕೈಗೆ ಮೆತ್ತಗೆ ಹತ್ತುತ್ತವೆ, ಕೆಲವು ಭಾಗಗಳು ಚಪ್ಪಟೆಯಾದ ಗೆರೆಗಳು. ಒಂದರೊಳಗೊಂದು ಹೆಣೆದುಕೊಂಡ ಶಂಕರಪೋಳಿಯಾಕಾರದ ಚೌಕಗಳು ಮೇಲಿನಿಂದ ಸಾಲಾಗಿ ಇಳಿದುಬಂದು, ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಹಠಾತ್ತನೆ ಕಿರಿದಾಗುತ್ತವೆ. ಬಲಗಡೆಯ ಒಂದು ಸಾಲಂತೂ ಚೌಕವನ್ನು ಬಿಟ್ಟು ಬರೀ ಅಂಕುಡೊಂಕು ಗೆರೆಯಾಗಿಬಿಡುತ್ತದೆ.

ಹಿಂಬದಿಗೆ ಅಂಗಡಿಯವರು ಅಂಟಿಸಿದ ಒಂದು ಚೀಟಿಯಿದೆ. ಇದು ಕುಬಾ ಜನರ ವಿಧ್ಯುಕ್ತ ವಸ್ತ್ರವೆಂದೂ, ಚೌಕವೆಂದರೆ ಮೊಸಳೆ, ಅಂಕುಡೊಂಕು ಗೆರೆಯೆಂದರೆ ನದಿ, ಗಂಟೆಂದರೆ ಒಗ್ಗಟ್ಟು ಎಂದೂ ಅದರಲ್ಲಿ ಬರೆದಿದೆ. ಓದಿದಾಗ ನನಗೆ ಸಮಾಧಾನವಾಗಲಿಲ್ಲ. ಇಷ್ಟು ಸಲೀಸಾಗಿ ಒಂದು ಗೆರೆಗೆ ಒಂದು ಅರ್ಥ ಸಿಗುವುದಾದರೆ ನಮ್ಮ ಕಸೂತಿಯನ್ನೂ ಹಾಗೆಯೇ ಓದಬಹುದಿತ್ತಲ್ಲ? ದಾದರಿನಲ್ಲಿ ಚೌಕಟ್ಟು ಹಾಕುವವರಿಗೆ ತೋರಿಸಿದಾಗ, ಕೆಳಗಿನ ಭಾಗ ಕೆಟ್ಟಿದೆ, ಅಷ್ಟನ್ನು ಕತ್ತರಿಸಿದರೆ ನೋಡಲು ಚೆನ್ನಾಗಿರುತ್ತದೆ ಎಂಬ ಸಲಹೆ ಬಂತು. ಕತ್ತರಿ ಹಾಕಿಸುವ ಮೊದಲು ತಿಳಿದವರನ್ನು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ. ಈ ಆಕೃತಿಗಳಿಗೆ ನಿಜಕ್ಕೂ ನಿಗದಿತ ಅರ್ಥವಿದೆಯೇ? ನಡುವೆ ಕ್ರಮ ತಪ್ಪಿರುವುದು ಹೆಣೆದವರ ತಪ್ಪೇ? ಇಂಥ ಬಟ್ಟೆಯನ್ನು ಅಲ್ಲಿ ಯಾವ ಸಂದರ್ಭದಲ್ಲಿ ಬಳಸುತ್ತಾರೆ?


ಉತ್ತರ: ನೂಲಿನೆಳೆ (ಮುಂಬೈ)

ಮೊದಲು ಕತ್ತರಿಯ ವಿಷಯ: ದಯವಿಟ್ಟು ಯಾರಿಗೂ ಕತ್ತರಿಸಲು ಬಿಡಬೇಡಿ. ಚೌಕಟ್ಟಿನವರು ಕೆಟ್ಟಿದೆ ಎಂದು ತೋರಿಸಿದ ಭಾಗವೇ ಆ ಬಟ್ಟೆಯಲ್ಲಿ ಹೆಚ್ಚು ಹೊತ್ತು ನೋಡಬೇಕಾದದ್ದು. ನಾನು ಹಳೆಯ ಬಟ್ಟೆಗಳ ಸಂರಕ್ಷಣೆಯ ಕೆಲಸದಲ್ಲಿ ಬಹಳ ವರ್ಷ ಇದ್ದವಳು. ಕುಬಾ ಬಟ್ಟೆಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಕೆಲವು ಸಲ ಸಿಕ್ಕಿದೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕುಬಾ ಎನ್ನುವುದು ಒಂದೇ ಜನಾಂಗದ ಹೆಸರಲ್ಲ. ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಕಸಾಯಿ ಮತ್ತು ಸಂಕುರು ನದಿಗಳ ನಡುವೆ ಬೆಳೆದ ಒಂದು ರಾಜ್ಯದ ಹೆಸರು ಅದು. ಬುಶೂಂಗ್ ಎಂಬ ಆಳುವ ಗುಂಪಿನ ಕೆಳಗೆ ಶೋವಾ, ನ್ಗೀಂಡೆ, ನ್ಗೊಂಗೊ, ಪ್ಯಾಂಗ್, ಕೇಟೆ ಮೊದಲಾದ ಹಲವು ಗುಂಪುಗಳಿದ್ದವು. ರಾಜನನ್ನು ನ್ಯಿಮ್ ಎನ್ನುತ್ತಾರೆ. ಹದಿನೇಳನೆಯ ಶತಮಾನದ ಶ್ಯಾಮ್ ಎಂಬ ರಾಜನನ್ನು ಈ ರಾಜ್ಯಕ್ಕೆ ರೂಪು ಕೊಟ್ಟವನೆಂದು ಅಲ್ಲಿಯ ಬಾಯಿಂದ ಬಾಯಿಗೆ ಬಂದ ಇತಿಹಾಸ ನೆನೆಯುತ್ತದೆ. ರಾಫಿಯಾ ಕಸೂತಿಯನ್ನು ತಂದವನೂ ಅವನೇ ಎಂಬ ಹೇಳಿಕೆಯಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ ಮರದ ಪ್ರತಿಮೆಯ ಮುಂದೆ ಆಟದ ಹಲಗೆಯೊಂದನ್ನು ಕೆತ್ತಿದ್ದಾರೆ. ಗುಳಿಗಳಿರುವ ಆ ಹಲಗೆಯನ್ನು ಕಂಡರೆ ನಮ್ಮ ಕರಾವಳಿಯ ಯಾರೇ ಆದರೂ ಇದು ಚೆನ್ನೆಮಣೆಯಲ್ಲವೇ ಎಂದು ಕೇಳುತ್ತಾರೆ.

ಈಗ ಬಟ್ಟೆ. ರಾಫಿಯಾ ಒಂದು ಜಾತಿಯ ತಾಳೆ. ಅದರ ಎಳೆಯ ಗರಿಯ ಸಿಪ್ಪೆ ಸುಲಿದು, ಸೀಳಿ, ಎಳೆಗಳನ್ನು ತೆಗೆಯುತ್ತಾರೆ. ಹತ್ತಿಯಂತೆ ಅದನ್ನು ನೂಲುವುದಿಲ್ಲ. ಆದ್ದರಿಂದ ಗರಿಯ ಉದ್ದ ಎಷ್ಟೋ ಬಟ್ಟೆಯ ಉದ್ದವೂ ಅಷ್ಟೇ. ನಿಮ್ಮ ಚೌಕ ಒಂದೂವರೆ ಮೊಳಕ್ಕೆ ನಿಂತಿರುವುದಕ್ಕೆ ಮೂಲ ಕಾರಣ ಇದು. ನೇಯುವವರು ಗಂಡಸರು, ಮೇಲೆ ಕಸೂತಿ ಹಾಕುವವರು ಹೆಂಗಸರು. ಮಗ್ಗದಿಂದ ಇಳಿದ ಬಟ್ಟೆ ಚಾಪೆಯಷ್ಟು ಬಿರುಸಾಗಿರುತ್ತದೆ. ಅದನ್ನು ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿ ಮೆದುಮಾಡುತ್ತಾರೆ. ಕುಟ್ಟುವಾಗ ಕೆಲವು ಕಡೆ ತೂತು ಬೀಳುವುದು ಸಹಜ. ತೂತು ಬಿದ್ದ ಜಾಗಕ್ಕೆ ತೇಪೆ ಹಾಕುವುದೂ ಸಹಜ. ಆದರೆ ಕುಬಾ ಹೆಂಗಸರು ತೇಪೆಯನ್ನು ಬಚ್ಚಿಡಲು ಹೋಗದೆ ಅದನ್ನೇ ಒಂದು ಆಕೃತಿಯನ್ನಾಗಿ ಮಾಡಿ, ಅದಕ್ಕೆ ಜೊತೆಯಾಗಲೆಂದು ತೂತಿಲ್ಲದ ಕಡೆಯಲ್ಲೂ ತೇಪೆಗಳನ್ನು ಹೊಲಿದರು. ಕುಣಿಯುವಾಗ ಉಡುವ ಉದ್ದನೆಯ ಲಂಗಗಳ ಮೇಲೆ ಕೊಕ್ಕೆಯಂತೆ ಬಾಗಿದ, ಇಂಗ್ಲಿಷಿನ ಅಲ್ಪವಿರಾಮದಂಥ ತೇಪೆಗಳು ಹರಡಿಕೊಂಡಿರುವುದನ್ನು ಚಿತ್ರಗಳಲ್ಲಿ ನೀವು ನೋಡಿರಬಹುದು. ಅದರಲ್ಲೊಂದು ಆಕೃತಿಯನ್ನು ಶಿನ ಮ್ಬೋವಾ ಎನ್ನುತ್ತಾರೆ, ಅಂದರೆ ನಾಯಿಬಾಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ನಾಯಿಬಾಲವೆಂಬುದು ಆ ತೇಪೆಯ ಹೆಸರು. ಆ ಲಂಗ ಉಟ್ಟವಳು ನಾಯಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ನಮ್ಮ ಇಲಕಲ್ ಸೆರಗಿನಲ್ಲಿ ತೋಪುತೆನಿ ಇದೆ, ಹಣಿಗಿ ಇದೆ, ದಡಿಗಳಲ್ಲಿ ಗಾಡಿ ದಡಿ ಇದೆ. ಗಾಡಿ ದಡಿಯ ಸೀರೆ ಉಟ್ಟು ಮದುವೆಗೆ ಹೊರಟವಳನ್ನು ನೋಡಿ, ಈಕೆ ಪ್ರಯಾಣದ ಸಂಕೇತವನ್ನು ಧರಿಸಿದ್ದಾಳೆ ಎಂದು ಯಾರಾದರೂ ಚೀಟಿ ಬರೆದರೆ ಇಲಕಲ್ಲಿನ ನೇಕಾರರು ನಕ್ಕಾರು. ಹೆಸರು ಬೇಕಾಗುವುದು ಗುರುತು ಹಿಡಿಯಲು, ಕಲಿಸಲು, ಮಾತಾಡಿಕೊಳ್ಳಲು. ಅಂಗಡಿಯ ಚೀಟಿ ಹೆಸರನ್ನು ಅರ್ಥವೆಂದು ತಿಳಿದಿದೆ. ಮೊಸಳೆಯೋ ಆಮೆಯೋ ಎಂಬುದನ್ನಾದರೂ ಸರಿಯಾಗಿ ಹೇಳಿದೆಯೇ ಎಂಬುದು ಆಮೇಲಿನ ಮಾತು.

ಆ ಹೆಸರುಗಳಾದರೂ ಗಟ್ಟಿಯಾಗಿ ಒಂದೇ ಕಡೆ ನಿಲ್ಲುವುದಿಲ್ಲ. 1908ರಲ್ಲಿ ಕುಬಾ ರಾಜಧಾನಿಗೆ ಹೋಗಿ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಸಾಮಾನು ಸಂಗ್ರಹಿಸಿದ ಎಮಿಲ್ ತೊರ್ದಾಯ್ ಎಂಬಾತ ಆಕೃತಿಗಳ ಹೆಸರುಗಳನ್ನು ಕೇಳಿ ಬರೆದುಕೊಂಡಾಗ, ನಮ್ಮ ಕಣ್ಣಿಗೆ ಒಂದೇ ಎಂದು ಕಾಣುವ ಆಕೃತಿಗೆ ಬೇರೆಬೇರೆಯವರು ಬೇರೆಬೇರೆ ಹೆಸರು ಹೇಳಿದರು. ಮರ ಕೆತ್ತುವ ಗಂಡಸು ಹೆಣೆಗೆಯ ಒಂದು ತುಂಡನ್ನು ಮುಖ್ಯವೆಂದು ಹಿಡಿದರೆ ಕಸೂತಿ ಹಾಕುವ ಹೆಂಗಸು ಇನ್ನೊಂದು ತುಂಡನ್ನು ಹಿಡಿಯುತ್ತಾಳೆ. ಯಾರು ಯಾವ ತುಂಡನ್ನು ಬೀಜವೆಂದು ಎಣಿಸುತ್ತಾರೋ ಇಡೀ ಆಕೃತಿಗೆ ಅದರ ಹೆಸರು ಬರುತ್ತದೆ. ನಮಗೆ ಬೇರೆಬೇರೆಯಾಗಿ ಕಾಣುವ ಎರಡು ಬಟ್ಟೆಗಳು ಅವರಿಗೆ ಒಂದೇ ಹೆಸರಿನವಾಗುವುದೂ ಹೀಗೆಯೇ. ಕಸೂತಿ ಕಲಿಸುವ ನಿಮಗೆ ಇದು ಹೊಸದೆನಿಸಲಾರದು.

ಹಾಗಾದರೆ ಆಕೃತಿಗೆ ಬೆಲೆಯಿಲ್ಲವೇ? ಬಹಳ ಇದೆ, ಆದರೆ ಅದು ನಿಘಂಟಿನಲ್ಲಿ ಸಿಗುವಂಥದ್ದಲ್ಲ. ಕುಬಾ ರಾಜನಾದವನು ಪಟ್ಟಕ್ಕೆ ಬಂದಾಗ ಹೊಸದೊಂದು ಆಕೃತಿಯನ್ನು ಹುಟ್ಟಿಸುವುದು ಪದ್ಧತಿ. ಅದು ಅವನ ಹೆಸರಿನಲ್ಲಿ ಉಳಿಯುತ್ತದೆ. ನಾವು ನಾಣ್ಯ ಟಂಕಿಸಿದ ರಾಜರನ್ನು ಓದಿದ್ದೇವೆ, ಅವರು ವಿನ್ಯಾಸ ಟಂಕಿಸಿದ ರಾಜರು. 1950ರ ದಶಕದಲ್ಲಿ ಅಲ್ಲಿದ್ದು ಕುಬಾ ಇತಿಹಾಸವನ್ನು ಕಲೆಹಾಕಿದ ಯಾನ್ ವಾನ್ಸಿನಾ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. 1920ರ ದಶಕದಲ್ಲಿ ಮಿಷನರಿಗಳು ಒಂದು ಮೋಟಾರ್ ಸೈಕಲ್ ತಂದು ರಾಜನಿಗೆ ತೋರಿಸಿದರು. ಯಂತ್ರವನ್ನು ಕಂಡು ಆತ ಬೆರಗಾಗುತ್ತಾನೆಂದು ಅವರ ಎಣಿಕೆ. ರಾಜನಿಗೆ ಯಂತ್ರದಲ್ಲಿ ಆಸಕ್ತಿ ಹುಟ್ಟಲಿಲ್ಲ. ಅದು ಹಾದುಹೋದ ಮೇಲೆ ಮರಳಿನಲ್ಲಿ ಉಳಿದ ಟಯರಿನ ಅಚ್ಚನ್ನು ನೋಡುತ್ತ ನಿಂತ, ಅದನ್ನು ನಕಲು ಮಾಡಿಸಿದ, ಆ ವಿನ್ಯಾಸಕ್ಕೆ ತನ್ನ ಹೆಸರಿಟ್ಟ. ಈ ಆಕೃತಿಯ ಅರ್ಥವೇನೆಂದು ನನ್ನನ್ನು ಕೇಳಿದರೆ ಟಯರು ಎಂದು ಹೇಳಲಾರೆ, ಆ ರಾಜ ಎಂದು ಹೇಳುತ್ತೇನೆ.

ಇನ್ನು ಬಳಕೆ. ರಾಫಿಯಾ ಬಟ್ಟೆ ಅಲ್ಲಿ ಕಪ್ಪಕಾಣಿಕೆಯಾಗಿ, ದಂಡವಾಗಿ, ಮದುವೆಯ ಕೊಡುಕೊಳೆಯಾಗಿ, ಒಂದು ಕಾಲಕ್ಕೆ ಹಣವಾಗಿಯೂ ಓಡಾಡಿದೆ. ಆದರೆ ಅದರ ನಿಜವಾದ ಸಭೆ ಶವಸಂಸ್ಕಾರ. ತೀರಿಕೊಂಡವರಿಗೆ ಕುಲದವರು ಕೂಡಿಟ್ಟ ಕಸೂತಿ ಬಟ್ಟೆಗಳನ್ನು ಪದರಪದರವಾಗಿ ಉಡಿಸಿ, ಬಂದವರೆಲ್ಲ ನೋಡುವಂತೆ ಇರಿಸಿ, ಆ ಬಟ್ಟೆಗಳೊಂದಿಗೇ ಮಣ್ಣು ಮಾಡುತ್ತಾರೆ. ರಾಫಿಯಾ ಉಡದೆ ಹೋದವರನ್ನು ಆಚೆಯ ಲೋಕದಲ್ಲಿ ಮೊದಲೇ ಹೋದ ಬಂಧುಗಳು ಗುರುತಿಸುವುದಿಲ್ಲ ಎಂಬ ನಂಬಿಕೆ ಅವರದು. ತುಕುಲ ಎಂಬ ಮರದ ಕೆಂಪು ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮೈಗೂ ಬಟ್ಟೆಗೂ ಹಚ್ಚುತ್ತಾರೆ. ನಿಮ್ಮ ಬಟ್ಟೆಯ ಕೆಂಗಂದು ಅದರದ್ದೇ ಇದ್ದೀತು. ಒಬ್ಬೊಬ್ಬರ ಸ್ವಂತ ಆಸ್ತಿಯಾಗಿರದೆ ತಾಯಿಯ ಕಡೆಯಿಂದ ಬರುವ ಕುಲದ ಸ್ವತ್ತಾಗಿರುವ ಈ ಬಟ್ಟೆಗಳಲ್ಲಿ ಯಾವುದನ್ನು ಮಣ್ಣಿಗೆ ಕೊಡಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಹಿರಿಯರು ಕೂತು ತೀರ್ಮಾನಿಸುತ್ತಾರೆ. ತಿಂಗಳುಗಟ್ಟಲೆ ಕಣ್ಣು ಸವೆಸಿ ಮಾಡಿದ ಕೆಲಸವನ್ನು ಮಣ್ಣಿಗೆ ಇಡುವುದೇ ಅದರ ಉದ್ದೇಶ ಎಂಬುದನ್ನು ಮೊದಲ ಸಲ ತಿಳಿದಾಗ, ಸಂರಕ್ಷಣೆಯ ಕೆಲಸದವಳಾದ ನನಗೆ ಒಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹೆಂಗಸರು ಮೇಲೆ ಸುತ್ತಿಕೊಳ್ಳುವ ನ್ಚಾಕ್ ಎಂಬ ಉದ್ದನೆಯ ವಸ್ತ್ರ 6 ಮೀಟರಿಗೂ ಮಿಕ್ಕಿ ಇರುತ್ತದೆ. ನಮ್ಮ ಒಂಬತ್ತು ಗಜದ ಸೀರೆಯನ್ನು ನೆನೆಯಿರಿ. ಅದನ್ನು ತುಂಡುತುಂಡಾಗಿ ಕುಲದ ಹಲವು ಹೆಂಗಸರು ಹಂಚಿಕೊಂಡು ಮಾಡಿ, ಆಮೇಲೆ ಜೋಡಿಸುತ್ತಾರೆ. ಒಂದು ತುಂಡು ಪಳಗಿದ ಕೈಯದು, ಪಕ್ಕದ ತುಂಡು ಈಗಷ್ಟೇ ಕಲಿಯುತ್ತಿರುವ ಹುಡುಗಿಯದು. ಬಟ್ಟೆಯನ್ನು ಬಲ್ಲವರು ಅದನ್ನು ನೋಡಿ ಇದು ಯಾರ ಕೈ, ಯಾವ ಮನೆತನದ್ದು ಎಂದು ಗುರುತಿಸಬಲ್ಲರು. ಅರ್ಥ ಎಂದು ನೀವು ಕೇಳಿದ್ದು ನನ್ನ ಮಟ್ಟಿಗೆ ಇಲ್ಲಿದೆ: ಯಾರು ಮಾಡಿದರು, ಯಾರಿಗಾಗಿ ಮಾಡಿದರು, ಯಾರ ಸಾವಿನಲ್ಲಿ ಹೊರತೆಗೆದರು. ಕಲಾವಿದ ಮತೀಸ್ ತನ್ನ ಗೋಡೆಯ ಮೇಲೆ ಇಂಥ ಬಟ್ಟೆಗಳನ್ನು ತೂಗುಹಾಕಿ ಬಹಳ ಹೊತ್ತು ನೋಡುತ್ತಿದ್ದನಂತೆ. ಆಕಾರವನ್ನಷ್ಟೇ ನೋಡಿದರೂ ಅದು ತುಂಬ ಕೊಡುತ್ತದೆ ಎಂಬುದಕ್ಕೆ ಅವನು ಸಾಕ್ಷಿ.

ನಿಮ್ಮ ಚೌಕ, ವಿವರಣೆಯಿಂದ ನೋಡಿದರೆ, ಶೋವಾ ಹೆಂಗಸರು ಪ್ರಸಿದ್ಧರಾಗಿರುವ ಕತ್ತರಿಸಿದ ಜುಂಗಿನ ಕೆಲಸ, ಅಂದರೆ ಎಳೆಯ ತುದಿಗಳು ಮಖಮಲ್ಲಿನಂತೆ ಮೇಲೆದ್ದು ನಿಲ್ಲುವ ಕೆಲಸ. ಸೂಜಿಯಿಂದ ಎಳೆಯನ್ನು ನೇಯ್ಗೆಯ ಒಂದೆರಡು ನೂಲುಗಳ ಅಡಿಯಲ್ಲಿ ತೂರಿಸಿ, ಎರಡೂ ತುದಿಗಳನ್ನು ಸಣ್ಣ ಚಾಕುವಿನಿಂದ ಬುಡಕ್ಕೆ ಹತ್ತಿರವಾಗಿ ಕತ್ತರಿಸುತ್ತಾರೆ. ಗಂಟು ಹಾಕುವುದಿಲ್ಲ. ನೇಯ್ಗೆಯ ಬಿಗಿಯೇ ಎಳೆಯನ್ನು ಹಿಡಿದಿಡುತ್ತದೆ. ಕೆಳಗೆ ನಕ್ಷೆ ಬರೆದುಕೊಳ್ಳುವ ರೂಢಿ ಸಾಮಾನ್ಯವಾಗಿ ಇಲ್ಲ. ಮೊದಲು ಗೆರೆಗಳ ಹೊಲಿಗೆ, ನಂತರ ಜುಂಗು ತುಂಬುವುದು, ಎಲ್ಲವೂ ನೆನಪು ಮತ್ತು ಕಣ್ಣಳತೆಯಿಂದ. ನಡುವೆ ಆಕೃತಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು, ಬೇರೊಂದಕ್ಕೆ ತಿರುಗಿಸುವುದು ಅಲ್ಲಿ ತಪ್ಪಲ್ಲ. ನೋಡುವವರು ಕಾಯುವುದೇ ಆ ತಿರುವಿಗೆ. ಕೆಳಗಿನ ಸಾಲು ಕ್ರಮ ಬಿಟ್ಟದ್ದು ಬೇಕೆಂದೇ ಮಾಡಿದ್ದೆಂದು ನಾನು ಪಣ ತೊಡಲಾರೆ, ಆದರೆ ಕೆಟ್ಟದ್ದಂತೂ ಅಲ್ಲ.

ಕೊನೆಗೆ ಎರಡು ವ್ಯಾವಹಾರಿಕ ಮಾತು. ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಮುಂಬೈ ಮಳೆಗಾಲದಲ್ಲಿ ನೀರಿಳಿಯುವ ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೆ ಹಾಕಿ. ಗಾಜು ಜುಂಗನ್ನು ಮುಟ್ಟದಂತೆ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿಸಿ. ಬಾ ಅವರಿಗೆ ಫೋನ್ ಮಾಡಿ, ಅದನ್ನು ಎಲ್ಲಿ, ಯಾರಿಂದ ಪಡೆದರು ಎಂಬುದನ್ನು ಇಂದೇ ಕೇಳಿ ಬರೆದಿಡಿ.


ಉತ್ತರ: ಗಣಿತದ ಮೇಷ್ಟ್ರು (ಪುಣೆ)

ನೂಲಿನೆಳೆ ಅವರು ಹೇಳಿದ ಮೇಲೆ ಬಟ್ಟೆಯ ಬಗ್ಗೆ ನಾನು ಬಾಯಿ ಬಿಡಬಾರದು. ಆದರೆ ಇದೇ ಬಟ್ಟೆಗಳು ನಿವೃತ್ತ ಗಣಿತ ಮೇಷ್ಟ್ರೊಬ್ಬನಿಗೆ ಯಾಕೆ ಪರಿಚಿತವೆಂದರೆ, 1971ರಲ್ಲಿ ಡೊನಾಲ್ಡ್ ಕ್ರೋ ಎಂಬ ಗಣಿತಜ್ಞರು ಕುಬಾ ವಿನ್ಯಾಸಗಳನ್ನು ಸಮಮಿತಿಯ ಲೆಕ್ಕದಿಂದ ವಿಂಗಡಿಸಿ ಒಂದು ಪ್ರಬಂಧ ಬರೆದರು.

ವಿಷಯ ಇಷ್ಟು. ಒಂದು ಆಕೃತಿಯನ್ನು ಅಂಚಿನ ಪಟ್ಟಿಯಂತೆ ಒಂದೇ ದಿಕ್ಕಿನಲ್ಲಿ ಪುನರಾವರ್ತಿಸುವುದಾದರೆ, ಸರಿಸುವುದು, ಕನ್ನಡಿ ಹಿಡಿಯುವುದು, ಅರ್ಧ ಸುತ್ತು ತಿರುಗಿಸುವುದು, ಸರಿಸಿ ಕನ್ನಡಿ ಹಿಡಿಯುವುದು ಎಂಬ ಕ್ರಿಯೆಗಳನ್ನು ಹೇಗೆಲ್ಲ ಜೋಡಿಸಿದರೂ ಸಿಗುವುದು 7 ಬಗೆಗಳು ಮಾತ್ರ. ಎರಡೂ ದಿಕ್ಕಿಗೆ ಹರಡಿ ಇಡೀ ನೆಲವನ್ನು ತುಂಬುವುದಾದರೆ 17 ಬಗೆಗಳು. ಹದಿನೆಂಟನೆಯದು ಇಲ್ಲವೆಂಬುದನ್ನು ರಷ್ಯದ ಫ್ಯೊದೊರೊವ್ 1891ರಲ್ಲೇ ಸಾಬೀತುಪಡಿಸಿದ್ದರು. ಕ್ರೋ ಅವರಿಗೆ ಕುಬಾ ಕೆಲಸದಲ್ಲಿ ಪಟ್ಟಿಯ 7 ಬಗೆಗಳೂ ಸಿಕ್ಕವು. ನೆಲ ತುಂಬುವ 17ರಲ್ಲಿ 12 ಸಿಕ್ಕವು. ಶಾಲೆಯಲ್ಲಿ ರೇಖಾಗಣಿತ ಕಲಿಯದ ಕೈಗಳು ಇಷ್ಟು ಬಗೆಗಳನ್ನು ತಡಕಿ ಹುಡುಕಿವೆ ಎಂಬುದು ಸಾಮಾನ್ಯ ಸಂಗತಿಯಲ್ಲ. ಹಾಸು ಹೊಕ್ಕು ನೇರಕೋನದಲ್ಲಿ ದಾಟುವ ಬಟ್ಟೆಯ ಮೇಲೆ ಅರ್ಧ ಸುತ್ತು, ಕಾಲು ಸುತ್ತು ಸುಲಭ. ಮೂರನೆಯ ಒಂದು ಸುತ್ತು ತಿರುಗುವ ಆಕೃತಿಗೆ ನೂಲುಗಳೇ ಒಪ್ಪುವುದಿಲ್ಲ. ನಿಮ್ಮ ಕಸೂತಿಯಲ್ಲಿಯೂ ಎಂಟು ದಿಕ್ಕಿನ ಚುಕ್ಕೆ ಸಲೀಸಾಗಿ ಬರುತ್ತದೆ, ಆರು ಎಸಳಿನ ಹೂವು ಯಾವಾಗಲೂ ಸ್ವಲ್ಪ ಸೊಟ್ಟಗಾಗುತ್ತದೆ ಎಂದು ನನ್ನ ಊಹೆ. ತಪ್ಪಿದ್ದರೆ ತಿದ್ದಿರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ವಿಂಗಡಣೆ ಮಾಡುವಾಗ ನಾವು ಬಟ್ಟೆಯ ಒಂದು ತುಂಡನ್ನು ಹಿಡಿದು, ಇದು ಹೀಗೆಯೇ ಕೊನೆಯಿಲ್ಲದೆ ಮುಂದುವರಿಯುತ್ತದೆ ಎಂದು ಭಾವಿಸಿಕೊಳ್ಳುತ್ತೇವೆ. ಕುಬಾ ಹೆಂಗಸು ಹಾಗೆ ಭಾವಿಸಿಕೊಂಡವಳಲ್ಲ. ಮೂರನೆಯ ಸಾಲಿನಲ್ಲಿ ಅವಳು ನಿಯಮವನ್ನು ಬದಲಿಸುತ್ತಾಳೆ, ನಮ್ಮ ಕೋಷ್ಟಕ ಅಲ್ಲಿಗೆ ಸುಮ್ಮನಾಗುತ್ತದೆ. ನಲವತ್ತು ವರ್ಷ ಕರಿಹಲಗೆಯ ಮೇಲೆ ಸರಿಯಾದ ಸಮಮಿತಿಯನ್ನೇ ಬರೆದವನಿಗೆ ಈ ಮಾತು ಒಪ್ಪಲು ಸ್ವಲ್ಪ ಕಷ್ಟ.

ನನಗೆ ಇದಕ್ಕಿಂತ ಇಷ್ಟವಾದದ್ದು ಮಕ್ಕಳ ಪ್ರಸಂಗ. ಮೇಲೆ ಹೇಳಿದ ತೊರ್ದಾಯ್ ಬುಶೂಂಗ್ ಮಕ್ಕಳು ಮರಳಿನಲ್ಲಿ ಬಲೆಯಂಥ ಚಿತ್ರಗಳನ್ನು ಬರೆಯುತ್ತಿದ್ದುದನ್ನು ನೋಡಿದರು. ಬೆರಳನ್ನು ಎತ್ತುವಂತಿಲ್ಲ, ಒಮ್ಮೆ ಎಳೆದ ಗೆರೆಯ ಮೇಲೆ ಮತ್ತೊಮ್ಮೆ ಹೋಗುವಂತಿಲ್ಲ. ಮಕ್ಕಳು ತೊರ್ದಾಯ್ ಅವರಿಗೂ ಸವಾಲು ಹಾಕಿದರು. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಸುತ್ತಿಬರಬಹುದೇ ಎಂದು 1736ರಲ್ಲಿ ಗಣಿತಜ್ಞ ಆಯ್ಲರ್ ಬಿಡಿಸಿದ್ದು ಇದೇ ಲೆಕ್ಕ: ಬೆಸಸಂಖ್ಯೆಯ ಗೆರೆಗಳು ಕೂಡುವ ಚುಕ್ಕಿಗಳು ಎರಡೇ ಇದ್ದರೆ, ಅವುಗಳಲ್ಲೊಂದರಿಂದ ಹೊರಟು ಇನ್ನೊಂದರಲ್ಲಿ ಮುಗಿಸಬೇಕು, ಅಂಥ ಚುಕ್ಕಿ ಒಂದೂ ಇಲ್ಲದಿದ್ದರೆ ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ಸೇರುತ್ತೀರಿ. ಚುಕ್ಕಿಗಳನ್ನು ಸುತ್ತಿಬರುವ ಎಳೆ ರಂಗೋಲಿಯನ್ನು ಕೈಯೆತ್ತದೆ ಮುಗಿಸುತ್ತಿದ್ದ ನಮ್ಮ ತಾಯಿಗೆ ಆಯ್ಲರನ ಹೆಸರು ಗೊತ್ತಿರಲಿಲ್ಲ, ಎಲ್ಲಿಂದ ಹೊರಡಬೇಕೆಂಬುದು ಗೊತ್ತಿತ್ತು. ಕುಬಾ ಬಟ್ಟೆಯಲ್ಲಿ ಮತ್ತೆಮತ್ತೆ ಬರುವ ಇಂಬೊಲ್ ಎಂಬ ಹೆಣೆಗೆಯನ್ನು ಬೆರಳಿನಲ್ಲಿ ಹಿಂಬಾಲಿಸಿ ನೋಡಿ. ಮರಳಾಟ ಆಡಿ ಬೆಳೆದ ಮಕ್ಕಳ ಕೈಗೆ ಈ ಗಂಟು ಯಾಕೆ ಇಷ್ಟು ಹದವಾಗಿ ಬರುತ್ತದೆಂದು ತಿಳಿಯುತ್ತದೆ.


ಉತ್ತರ: ಮಡಗಾಂವ್ ಮಂದಿ

ಚರ್ಚೆ ಓದಿ ಸಂತೋಷವಾಯಿತು. ನಾನು ಹಳಿಯಾಳ ಕಡೆಯವನು, ಕೆಲಸಕ್ಕಾಗಿ ಮಡಗಾಂವಿನಲ್ಲಿ ನೆಲೆಸಿದ್ದೇನೆ. ನಮ್ಮೂರಿನ ಸುತ್ತ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುಭಾಗಕ್ಕೆ ಬರುತ್ತಾರೆ. ನಾಲ್ಕು ಮೂಲೆಗೂ ಮೂರು ಮೂಲೆಯ ಸಣ್ಣ ಮಡಿಕೆಯೊಂದನ್ನು ಹೊಲಿಯಲೇಬೇಕು. ಅದನ್ನು ಫೂಲ ಎನ್ನುತ್ತಾರೆ, ಅದಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ. ಅವರ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅಲ್ಲೂ ತೇಪೆ, ಇಲ್ಲೂ ತೇಪೆ. ಅಲ್ಲೂ ಕ್ರಮ ತಪ್ಪುವ ಸಾಲು, ಇಲ್ಲೂ ಅದೇ. ಸಿದ್ದಿ ಕೌದಿಗೂ ಕುಬಾ ಬಟ್ಟೆಗೂ ರಕ್ತಸಂಬಂಧ ಇದೆ ಎನ್ನಬಹುದಲ್ಲವೇ?


ಉತ್ತರ: ನೂಲಿನೆಳೆ (ಮುಂಬೈ)

ಹಾಗೆನ್ನಲು ನನಗೂ ಆಸೆ, ಆದರೆ ಎನ್ನಲಾರೆ. ಗೋವೆಗೆ ಬಂದವರಲ್ಲಿ ಬಹುಪಾಲು ಜನ ಆಫ್ರಿಕದ ಪೂರ್ವ ಕರಾವಳಿಯ ಕಡೆಯವರು, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ ಹಡಗು ಹತ್ತಿದವರು. ಕುಬಾ ನಾಡು ಖಂಡದ ನಟ್ಟನಡುವೆ, ಎರಡೂ ಕಡಲುಗಳಿಂದ ಬಹುದೂರ. ಆಫ್ರಿಕವನ್ನು ಒಂದೇ ಊರಿನಂತೆ ಕಾಣುವ ಅಭ್ಯಾಸ ನಮಗೆಲ್ಲ ಇದೆ. ಬೆಳಗಾವಿಯ ಬಟ್ಟೆಯನ್ನೂ ಬೀಜಿಂಗಿನ ಬಟ್ಟೆಯನ್ನೂ ಎರಡೂ ಏಷ್ಯದವೇ ಎಂದು ಒಂದು ಗಂಟಿನಲ್ಲಿ ಕಟ್ಟಿದರೆ ನಾವು ಒಪ್ಪುವುದಿಲ್ಲ.

ಕೆಲಸವೂ ಬೇರೆ. ಕೌದಿಯಲ್ಲಿ ಹಳೆಯ ಬಟ್ಟೆಯೇ ಮೈ, ಸಾದಾ ಹೊಲಿಗೆ ಪದರಗಳನ್ನು ಹಿಡಿಯುತ್ತದೆ. ಅದು ಹೊದೆಯಲು, ಮಗುವನ್ನು ಮಲಗಿಸಲು. ಆದರೆ ನಿಮ್ಮ ಫೂಲದ ಮಾತು ಬಹಳ ಬೆಲೆಯುಳ್ಳದ್ದು. ಫೂಲಕ್ಕೆ ಹೂವು ಎಂದು ಅರ್ಥ ಬರೆದು ಮುಂದೆ ಹೋಗಿದ್ದರೆ, ಅದಿಲ್ಲದ ಕೌದಿ ಬೆತ್ತಲೆ ಎಂಬ ಮಾತು ನಮಗೆ ಕೇಳಿಸುತ್ತಿರಲಿಲ್ಲ. ಊರಿಗೆ ಹೋದಾಗ ಹೊಲಿಯುವವರ ಬಾಯಿಂದಲೇ ಇಂಥ ಮಾತುಗಳನ್ನು ಇನ್ನಷ್ಟು ಕೇಳಿ ಇಲ್ಲಿ ಬರೆಯಿರಿ.


ಪ್ರಶ್ನೆ ಕೇಳಿದವರಿಂದ: ಡೊಂಬಿವಲಿ ಕಸೂತಿ

ಎಲ್ಲರಿಗೂ ಕೈಮುಗಿದೆ. ಕತ್ತರಿ ಹಾಕಿಸಲಿಲ್ಲ. ಮೇಷ್ಟ್ರೇ, ಆರು ಎಸಳಿನ ಹೂವಿನ ಬಗ್ಗೆ ನಿಮ್ಮ ಊಹೆ ಸರಿ; ನೂಲು ಎಣಿಸಿ ಹಾಕುವ ಕೆಲಸದಲ್ಲಿ ಅದು ಒಂದು ಕಡೆ ಉಬ್ಬಿಯೇ ಉಬ್ಬುತ್ತದೆ.

ಭೂತಗನ್ನಡಿ ಹಿಡಿದು ನಿನ್ನೆ ಮಧ್ಯಾಹ್ನ ಎರಡು ಗಂಟೆ ಆ ಬಟ್ಟೆಯ ಮುಂದೆ ಕೂತಿದ್ದೆ. ನಮ್ಮ ಕಸೂತಿಯ ಗಾವಂತಿ ಹೊಲಿಗೆಯಲ್ಲಿ ಹೋದ ಎಳೆ ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುವುದರಿಂದ ಮುಂದೂ ಹಿಂದೂ ಒಂದೇ ಆಗಿ ಕಾಣಬೇಕು; ನನ್ನ ಹುಡುಗಿಯರ ಕೆಲಸವನ್ನು ನಾನು ಮೊದಲು ತಿರುಗಿಸಿ ನೋಡುವುದೇ ಅದಕ್ಕೆ. ಇದನ್ನೂ ಅಭ್ಯಾಸಬಲದಿಂದ ತಿರುಗಿಸಿದೆ. ಹಿಂಬದಿಯಲ್ಲಿ ಗೆರೆಯ ಹೊಲಿಗೆಗಳು ಮಾತ್ರ ಕಾಣುತ್ತವೆ, ಮಖಮಲ್ಲಿನ ಸುಳಿವೇ ಇಲ್ಲ. ಗಂಟೂ ಇಲ್ಲ. ಗಂಟು ಹಾಕಬಾರದೆಂಬ ಕಟ್ಟಳೆ ನಮ್ಮಲ್ಲೂ ಇದೆ, ಅವರಲ್ಲೂ ಇದೆ, ಕಾರಣಗಳು ಬೇರೆ.

ಹಿಂಬದಿಯಿಂದ ನೋಡಿದಾಗಲೇ ಇನ್ನೊಂದು ಸಂಗತಿ ಕಂಡಿತು. ಮೇಲಿನ ಎರಡು ಭಾಗಗಳಲ್ಲಿ ಹೊಲಿಗೆಗಳು ಜೋಳದ ಕಾಳಿನಷ್ಟು ಉದ್ದ, ಎಲ್ಲವೂ ಎಡಕ್ಕೆ ವಾಲಿವೆ. ಆಕೃತಿ ಕಿರಿದಾಗುವ ಜಾಗದಿಂದ ಕೆಳಗೆ ಹೊಲಿಗೆ ಸಾಸಿವೆಗೆ ಇಳಿಯುತ್ತದೆ, ವಾಲುವ ದಿಕ್ಕೂ ಬದಲಾಗುತ್ತದೆ. ಎರಡು ಕೈಗಳೋ, ಒಂದೇ ಕೈಯ ಎರಡು ವಯಸ್ಸೋ ಹೇಳಲಾರೆ. ನನ್ನ ವಿದ್ಯಾರ್ಥಿನಿಯರಲ್ಲಿ ಎಡಗೈಯವಳೊಬ್ಬಳಿದ್ದಾಳೆ, ಅವಳ ಹೊಲಿಗೆ ಹೀಗೆಯೇ ವಾಲುತ್ತದೆ. ಹತ್ತು ವರ್ಷದ ಆ ಹುಡುಗಿ ಬಟ್ಟೆಯ ನಡುವಿನ ಗಂಟನ್ನು ನೋಡಿ, ರಂಗೋಲಿ ಪುಡಿ ತಂದು ಬಾಲ್ಕನಿಯ ನೆಲದ ಮೇಲೆ ಕೈಯೆತ್ತದೆ ಬರೆಯಲು ಹೋದಳು. ಎರಡು ಸಲ ನಡುವೆ ಸಿಕ್ಕಿಬಿದ್ದಳು. ಮೂರನೆಯ ಸಲ ಕೆಳಗಿನ ಮೂಲೆಯಿಂದ ಹೊರಟು ಮುಗಿಸಿ, ಟೀಚರ್, ಇಲ್ಲಿಂದ ಹೊರಡಬೇಕಿತ್ತು ಎಂದಳು.

ಬಾ ಅವರಿಗೂ ಫೋನ್ ಮಾಡಿದೆ. ಕಿನ್ಶಾಸಾದ ಮಾರುಕಟ್ಟೆಯಲ್ಲಿ ಹೊರೆ ಇಳಿಸಿ ಕೂತಿದ್ದ ಮಾರಾಟಗಾರನಿಂದ ಕೊಂಡದ್ದಂತೆ. ಚೀಟಿ ಅಂಟಿದ್ದು ಮುಂಬೈಗೆ ಬಂದ ಮೇಲೆ, ಒಮ್ಮೆ ದುರಸ್ತಿಗೆ ಕೊಟ್ಟ ಅಂಗಡಿಯಲ್ಲಿ. ಯಾರ ಸಾವಿಗೂ ಹೊರಬಂದಿರದ, ಮಾರಾಟಕ್ಕೆಂದೇ ಮಾಡಿದ ಬಟ್ಟೆಯಾಗಿದ್ದರೂ ಇರಬಹುದು. ಚೀಟಿಯನ್ನು ಕಿತ್ತು ಎಸೆಯಲು ಮನಸ್ಸಾಗದೆ ಒಂದು ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ಕನ್ನಡದಲ್ಲಿ ಹೀಗೆ ಬರೆದಿದ್ದೇನೆ: ಕಿನ್ಶಾಸಾದಲ್ಲಿ ಕೊಂಡದ್ದು, ರಾಫಿಯಾ, ಕುಬಾ ನಾಡಿನ ಹೆಂಗಸರ ಕೆಲಸ, ಕೆಳಗಿನ ಮೂರನೆಯ ಒಂದು ಭಾಗ ಬಹುಶಃ ಬೇರೆ ಕೈಯದು, ಕತ್ತರಿಸಬಾರದು.